ಫಕೀರವ್ವನ ಭಾರ

ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಇಳಿಸಿ
ಅದರಗುಂಚಿಗೆ ಖಾಲಿ ಹೊಂಟಿತ್ತು ಟ್ರ್ಯಾಕ್ಟರು.
ಬಾಡಿಗಿ ಎಷ್ಟಂದ್ರ ಡ್ರೈವರ್ ಚನಬಸು
ಗಾಡಿ ಮಾರಿ ನೋಡಿದ, ನನ್ನ ಮಾರಿ ನೋಡಿದ,
'ಚಾದ ರೊಕ್ಕ ಕೊಡ್ರಿ ಸಾಕು' ಅಂದ.
ಎಂಜಿನ್ ಹಿಡಕೊಂಡ ಯೆಜ್ಡಿ.
ಕಿಕ್ ಒದ್ರ ಕಲ್ಲಿಗೆ ಒದ್ದಂಗ.
ಹುಬ್ಬಳ್ಳ್ಯಾಗ ಬೋರಿಂಗ್ ಆಗೂತನಕ
ಅದು ಗಾಡಿ ಅಲ್ಲ, ಸಾಮಾನು.

ಹಲಗಿ ಇಳಿಜಾರ ಇಟ್ಟು ನಾಕು ಮಂದಿ ಹಮಾಲರು
ದಬ್ಬಿ ಹತ್ತಿಸಿದ್ರು.
ನಾನು ಭಾಳ ಶಾಣ್ಯಾನಂಗ ಸೈಡ್ ಸ್ಟ್ಯಾಂಡ್ ಹಾಕಿ
ನೈಲಾನ್ ಹಗ್ಗ ಸೀಟಿನ ಮ್ಯಾಲೆ ಹಾಸಿ, ಸುತ್ತಿ,
ಏಳು ಗಂಟು ಹಾಕಿದೆ.
ದಾವಲಸಾಬ ಬಂದು ಒಂದ ಬೆಳ್ಳಿಂದ ನೂಕಿದ.
ಕೆಸರಾಗಿನ ಎಮ್ಮಿಯಂಗ ಹೊರಳಿತು.

'ಇದು ಚೀಲ ಅಲ್ರಿ.
ಚೀಲ ಬಿಗದಂಗ ಬಿದ್ದಿರತೈತಿ.
ಇದರ ಕಾಲಾಗ ಸ್ಪ್ರಿಂಗ್ ಅದಾವು.
ತೆಗ್ಗಿಗೊಮ್ಮೆ ಕುಂದ್ರತೈತಿ, ಆಗ ಹಗ್ಗ ಸಡ್ಲ.
ಎದ್ದಾಗ ನಿಮ್ಮ ಏಳೂ ಗಂಟು ಹರಕೊಂಡು ಹೋಗ್ತಾವು.
ಮದ್ಲ ಕುಂದ್ರಸ್ರಿ. ಆಮ್ಯಾಲೆ ಕಟ್ರಿ.'

ಹಲ್ಲಿಲೆ ಜಗ್ಗಿ ಬಿಚ್ಚಿದ ನನ್ನ ಗಂಟು.
ಗೋಣಿತಟ್ಟು ಮಡಚಿ ಮುಂದಿನ ಗಾಲಿಗೆ ಒತ್ತು ಕೊಟ್ಟ,
ಗೇರಿಗೆ ಹಾಕಿದ, ಪೆಟ್ರೋಲಿನ ನಳ ಬಂದ್ ಮಾಡಿದ,
ಹ್ಯಾಂಡಲ್ಲಿನ ಬುಡದಿಂದ ಎರಡು ಹಗ್ಗ
ಟ್ರೇಲರಿನ ಎರಡು ಮೂಲಿಗೆ ಒಗದ.
'ಈಗ ಯಾರರ ಹತ್ರಿ. ಭಾರ ಇದ್ದಾವ್ರು.'
ನಾನು ಹತ್ತಿದೆ.
ಸ್ಪ್ರಿಂಗಿಗೆ ಗೊತ್ತಾಗಲಿಲ್ಲ.

ತೊಟ್ಟು ಮುರಿಯೋ ಹೆಂಗಸರ ಸಾಲಿನಾಗಿಂದ ಒಂದು ದನಿ:
'ಫಕೀರವ್ವನ್ನ ಹತ್ತಸ್ರಲಾ!'
ನಗಿ ಹಾರಿತು. ಹಿಂದ ಸೀನು ಹಾರಿದ್ವು,
ಘಾಟು ಮದ್ಲ ಇತ್ತು.

ಉಡ್ಯಾಗಿನ ತೊಟ್ಟು ಕೊಡವಿ ಎದ್ಲು,
ಸೀರಿ ಎತ್ತಿ ಸಿಗಿಸಿ ಹತ್ತಿದ್ಲು.
ಇಪ್ಪತ್ತು ವರ್ಷ ಗಂಡನ ಬೆನ್ನಿಂದ
ಎರಡೂ ಕಾಲು ಒಂದ ಬದಿಗೆ ಇಳಿಬಿಟ್ಟು
ಎಲ್ಲಾ ಊರಿನ ಎಡಗಡೆ ಅಷ್ಟ ನೋಡಿದಾಕಿ.
ಅವತ್ತು ಆಚೆ ಒಂದು, ಈಚೆ ಒಂದು ಕಾಲು ಹಾಕಿ
ಕುಂತ್ಲು.
ಗಾಡಿ ಕುಂಯ್ಯ್ ಅಂತು.

'ಪೂರಾ ಬ್ಯಾಡಬೇ, ಅರ್ಧ!
ಪೂರಾ ಅಮುಕಿದ್ರ ಎಣ್ಣಿ ಉಗಳತೈತಿ.'
'ಅದನ್ನೇನು ಕಲಸ್ತೀಯೋ ದಾವಲ್ಯಾ,
ಹುಟ್ಟಿದಾಗಿಂದ ಅರ್ಧನ ಕುಂತೇನಿ.'

ಎಳಿ. ಎಡಕ್ಕ ಇನ್ನೆರಡು ಬೆಳ್ಳು.
ಬಲಕ್ಕ ತಡಿ. ತಡಿಯೋ.
ಹಗ್ಗ ಬಿಗಿಯೂತನಕ ಆಕಿ ಬಲಕ್ಕ ನೋಡಿದ್ಲು,
ಹಮಾಲರ ರುಮಾಲಿನ ಮ್ಯಾಲಿಂದ:
ತಕ್ಕಡಿ, ಕೆಂಪು ರಾಶಿ, ಪಂಕ್ಚರ್ ಅಂಗಡಿ,
ಗೇಟಿನ ಆಚೆ ಮೋಟೆಬೆನ್ನೂರ ರಸ್ತೆ.
ಬಾಯಿಗೆ ಕಟ್ಟಿದ ಅರಿವಿ ಒಳಗ,
ಬಾಜೂಕ ನಿಂತ ನನಗಷ್ಟ ಕೇಳೂವಂಗ,
ಡುರ್ರ್ರ್ ಅಂದ್ಲು.

ಗಂಟು ಬಿತ್ತು. 'ಇಳೀಬೇ.'
ಒಂದೀಟು ತಡ ಮಾಡಿ ಇಳಿದ್ಲು.

ಗಾಡಿ ಏಳಲಿಲ್ಲ.
ಆಕಿ ಹೋಗಿ ತನ್ನ ಜಾಗಾದಾಗ
ಮತ್ತ ತೊಟ್ಟು ಮುರಿಯಾಕ ಹತ್ತಿದ್ರೂ
ಗಾಡಿ ಆಕಿ ಕುಂತಷ್ಟ ಕುಂತಿತ್ತು.

ಸವಣೂರ ದಾಟಿತು, ಗುಡಗೇರಿ ದಾಟಿತು.
ಖಾಲಿ ಚೀಲದ ಮ್ಯಾಲೆ ಕುಂತ ನಾನು ತೆಗ್ಗಿಗೊಮ್ಮೆ ಹಾರಿ ಬಿದ್ದೆ.
ಯೆಜ್ಡಿ ಕದಲಲಿಲ್ಲ.
ಕತ್ತಲಾಗ ಹಗ್ಗ ಮುಟ್ಟಿ ನೋಡಿದೆ.
ತಂತಿಯಂಗ ಬಿಗದಿತ್ತು,
ಬ್ಯಾಡಗ್ಯಾಗ ಉಳಿದಾಕಿ ತೂಕ ಹೊತ್ತು.

ಹುಬ್ಬಳ್ಳ್ಯಾಗ ಗ್ಯಾರೇಜಿನ ಹುಡುಗ
ಜೀರುಗುಣಿಕೆ ತುದಿ ಹಿಡಿದು ಒಮ್ಮೆ ಜಗ್ಗಿದ.
ಉಸ್ಸ್ ಅಂತ ಗಾಡಿ ಎದ್ದು ನಿಂತಿತು.
ಹುಡುಗ ಹಿಂದ ಸರದ,
ಯಾರೋ ಇಳ್ಯಾಕ ಹತ್ತ್ಯಾರ, ದಾರಿ ಬಿಡಬೇಕು ಅನ್ನೂವಂಗ.

ಹ್ಯಾಂಡಲ್ ಹಿಡಿದು ನಾನ ಇಳಿಸಿದೆ.
ಧೂಳು ಬಿತ್ತಂತ ಬಲಗಣ್ಣು ತಿಕ್ಕೊಂಡೆ.
ಆಮ್ಯಾಲೆ ಅರ್ಧ ತಾಸು
ನಳದ ಬುಡಕ ಮಾರಿ ಇಟ್ಟು ಕುಣಿದೆ.
ಗ್ರಿಪ್ಪಿನ ಮ್ಯಾಲೆ
ಆಕಿ ಕೈ ಇನ್ನೂ ಹಂಗ ಇತ್ತು.